ಬಲತೋಳು ದಪ್ಪ, ಎಡತೋಳು ಸಪೂರ

ಜಿಮ್ಮಿನಲ್ಲಿ ತರಬೇತುದಾರನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ, ಕೊನೆಗೆ ಬಹಳ ಗೌರವದಿಂದ "ಸರ್, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಹೊಟ್ಟೆಯ ವಿಷಯ ಬೇಡ. ನಾನು ಉಡುಪಿಯಲ್ಲಿ ಅಷ್ಟು ವರ್ಷ ಕಲಿಸಿದ್ದು ತೋಳು. ಹುಡುಗರು ಕೇಳಿಕೊಂಡು ಬರುತ್ತಿದ್ದದ್ದೂ ತೋಳನ್ನೇ. ಕಾಲು ಗಟ್ಟಿ ಮಾಡಿಕೊಡಿ ಎಂದು ಬಂದವನು ನನ್ನ ಇಡೀ ವೃತ್ತಿಯಲ್ಲಿ ಒಬ್ಬನೇ ಒಬ್ಬ, ಅವನಿಗೂ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು.

ಈ ಕೆಲಸದಲ್ಲಿ ನಿಜವಾಗಿ ಮಾಡುವುದೇನು ಎಂದು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಎಣಿಸುವುದು. ಬೆಳಿಗ್ಗೆ ಐದೂವರೆಯಿಂದ ಒಂದು, ಎರಡು, ಮೂರು. ನಡುವೆ ಬೆವರು ಒರೆಸುವ ಬಟ್ಟೆ ಒಗೆಯುವುದು, ಗಂಡಸರ ಮನೆಯ ಜಗಳ ಕೇಳುವುದು, ಮೊಟ್ಟೆ ತಿನ್ನದ ಮನೆಯ ಹುಡುಗ ಎಲ್ಲಿ ಮೊಟ್ಟೆ ತಿಂದನೆಂದು ಅವನ ಅಮ್ಮನಿಗೆ ಹೇಳದಿರುವುದು. ಇಷ್ಟೇ. ಉಳಿದದ್ದನ್ನೆಲ್ಲ ಕಬ್ಬಿಣ ಮಾಡುತ್ತದೆ.

ನಾನು ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮಾಳಿಗೆಯ ಜಿಮ್ಮಿಗೆ. ಯಜಮಾನರು ಭೋಜಣ್ಣ. ಕೆಳಗೆ ಅವರದೇ ಹಾರ್ಡ್‌ವೇರ್ ಅಂಗಡಿ, ಮೊಳೆ, ಪೈಪು, ಸರಪಳಿ, ಬಾವಿಯ ರಾಟೆ. ಮಸ್ಕತ್ತಿನಲ್ಲಿದ್ದ ಅವರ ತಮ್ಮ ರಜೆಯಲ್ಲಿ ಬರುವಾಗ ಒಬ್ಬ ದೊಡ್ಡ ತೋಳಿನವನ ಪೋಸ್ಟರ್ ತಂದಿದ್ದ. ಅದನ್ನು ಅಂಟಿಸಲು ಗೋಡೆ ಬೇಕಾಯಿತು, ಗೋಡೆ ಇದ್ದದ್ದು ಮಾಳಿಗೆಯಲ್ಲಿ, ಪೋಸ್ಟರ್ ಒಂದೇ ಇದ್ದರೆ ಚೆಂದ ಕಾಣುವುದಿಲ್ಲವೆಂದು ಅದರ ಕೆಳಗೆ ಜಿಮ್ ಇಟ್ಟರು. ನಮ್ಮ ಸಂಸ್ಥೆ ಹುಟ್ಟಿದ್ದು ಹೀಗೆ.

ಮೊದಲ ದಿನ ನಾನು ಡಂಬೆಲ್‌ಗಳನ್ನು ನೋಡಿದೆ. ಎರಡು ಕಿಲೋದ್ದು ಒಂದು, ಐದರದ್ದು ಒಂದು, ಹತ್ತರದ್ದು ಒಂದು.

"ಭೋಜಣ್ಣ, ಇದರ ಜೋಡಿ ಎಲ್ಲಿ ಉಂಟು?"

"ಎಂತ ಜೋಡಿ?"

"ಡಂಬೆಲ್ ಎರಡೆರಡು ಬೇಕಲ್ವಾ?"

"ಒಂದು ಕೈಯಲ್ಲಿ ಒಂದನ್ನೇ ಎತ್ತುದಲ್ವಾ ಮಾರಾಯ? ಬಲಗೈಯಲ್ಲಿ ಎತ್ತಿ ಆದ ಮೇಲೆ ಅದನ್ನೇ ಎಡಗೈಗೆ ಕೊಟ್ರೆ ಆಯ್ತು. ನಾನು ಯಾರಿಗಾದ್ರೂ ಸುತ್ತಿಗೆ ಜೋಡಿ ಮಾರಿದ್ದು ಉಂಟಾ?"

ಹೊಸ ಕೆಲಸವಲ್ಲವೇ? ಸುಮ್ಮನಾದೆ. ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ಆ ಸುಮ್ಮನಾದ ಕ್ಷಣದಲ್ಲೇ ಶುರುವಾಯಿತು. ಅದನ್ನು ಹೇಳುವ ಮೊದಲು ಸಣ್ಣ ತಪ್ಪು ಎರಡು ಹೇಳಿ ಮುಗಿಸುತ್ತೇನೆ.

ಒಂದು, ಮದುಮಗನದ್ದು. ಗಲ್ಫಿನಿಂದ ರಜೆಯಲ್ಲಿ ಬಂದವನು, ಮದುವೆಗೆ ಇನ್ನು ನಾಲ್ಕು ದಿನ. ಫೋಟೋದಲ್ಲಿ ತೋಳು ಕಾಣಬೇಕಂತೆ. ನಾನು ಉತ್ಸಾಹದಲ್ಲಿ ಮೂರು ದಿನವೂ ಬೆಳಿಗ್ಗೆ ಸಂಜೆ ತೋಳು ಮಡಚಿಸಿ ಬಿಡಿಸಿದೆ. ಹೊಸಬರಿಗೆ ಹಾಗೆ ಮಾಡಿಸಿದರೆ ಮರುದಿನ ಮೊಣಕೈ ನೆಟ್ಟಗಾಗುವುದಿಲ್ಲ. ಮದುವೆ ದಿನ ಅವನು ಎರಡೂ ಕೈ ಮಡಚಿಕೊಂಡು ಮಂಟಪಕ್ಕೆ ಬಂದ. ಮಾಲೆ ಹಾಕಲು ಕೈ ಮುಂದೆ ಚಾಚಲಾಗದು. ಹುಡುಗಿ ತಲೆ ಬಗ್ಗಿಸಿ ಕಾದೇ ಕಾದಳು. ಕೊನೆಗೆ ಅವನ ಅಣ್ಣ ಹಿಂದಿನಿಂದ ಮೊಣಕೈ ಹಿಡಿದು ಮುಂದಕ್ಕೆ ದೂಡಿದ. ಊಟಕ್ಕೆ ಕರೆದಿದ್ದರೂ ನಾನು ಪಾಯಸ ಬರುವ ಮೊದಲೇ ಎದ್ದು ಬಂದೆ.

ಇನ್ನೊಂದು, ಮಣಿಪಾಲದ ವಿದ್ಯಾರ್ಥಿಯದ್ದು. ವೈದ್ಯಕೀಯ ಓದುತ್ತಿದ್ದ, ಉತ್ತರದ ಕಡೆಯವನು, ಕನ್ನಡ ಆಗಷ್ಟೇ ಕಲಿಯುತ್ತಿದ್ದ. ನನ್ನ ತೋಳಿನ ಹಿಂಭಾಗವನ್ನು ಬೆರಳಿನಿಂದ ಒತ್ತಿ, "ಸರ್, ತೋಳಿನ ಹೆಚ್ಚು ಮಾಂಸ ಇಲ್ಲಿ ಹಿಂದೆ ಇರುವುದು. ನೀವು ಮುಂದಿನದ್ದು ಮಾತ್ರ ಮಾಡಿಸ್ತೀರಿ" ಎಂದ. ನಾನು ಎಲ್ಲರೆದುರು ನಕ್ಕು, "ಹಿಂದೆ ಇರುದು ಯಾರಿಗೆ ಕಾಣ್ತದೆ ಡಾಕ್ಟ್ರೇ?" ಎಂದೆ. ಹುಡುಗರೆಲ್ಲ ನಕ್ಕರು. ಅವನು ಮತ್ತೆ ಬರಲಿಲ್ಲ. ಓದಿದವನು ಹೇಳಿದ್ದನ್ನು ನಗೆಯಾಡಿ ಓಡಿಸುವ ಈ ಚಾಳಿ ನಿಮಗೆ ಬೇಡ.

ಈಗ ದೊಡ್ಡದು.

ನಮ್ಮಲ್ಲಿ ಯಾವ ಒಳ್ಳೆಯ ಕೆಲಸವನ್ನೂ ಎಡಗೈಯಿಂದ ಶುರು ಮಾಡುವುದಿಲ್ಲವಷ್ಟೆ. ಜಿಮ್ಮಿನಲ್ಲೂ ಅದೇ. ಹುಡುಗರು ಬಲಗಾಲಿಟ್ಟು ಒಳಗೆ ಬಂದು, ಮೂಲೆಯ ಆಂಜನೇಯನಿಗೆ ಕೈಮುಗಿದು, ಬಲಗೈಯಲ್ಲಿ ಡಂಬೆಲ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗೈಯಿಂದಲೇ ಎತ್ತಲು ತೊಡಗುತ್ತಿದ್ದರು. ಬಲಗೈಗೆ ಸರಿಯಾಗಿ ಹನ್ನೆರಡು. ಎಡಗೈಗೆ ಬದಲಾಯಿಸುವಷ್ಟರಲ್ಲಿ ಹಿಂದೆ ನಿಂತವನು "ಆಯ್ತಾ? ಆಯ್ತಾ?" ಎಂದು ಕೈ ಚಾಚಿರುತ್ತಿದ್ದ, ಇದ್ದದ್ದು ಒಂದೇ ಡಂಬೆಲ್ ಅಲ್ಲವೇ? ಎಡಗೈಗೆ ಏಳು, ಕೆಲವೊಮ್ಮೆ ಐದು. ಜನ ಹೆಚ್ಚಿದ್ದರೆ "ಎಡದ್ದು ನಾಳೆ ಮಾಡುವ ಮಾಸ್ಟ್ರೇ" ಎಂದು ಹೊರಟೇ ಹೋಗುತ್ತಿದ್ದರು. ಮರುದಿನ ಮತ್ತೆ ಬಲಗೈಯಿಂದಲೇ ಶುರು.

ಯಾರಿಗೂ ಇದು ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣವಿತ್ತು. ಭೋಜಣ್ಣ ಹಾಕಿಸಿದ್ದು ಹಳೆಯ ಕಪಾಟಿನ ಬಾಗಿಲಿನ ಕನ್ನಡಿ. ಅದರಲ್ಲಿ ಒಂದು ಸಲಕ್ಕೆ ಒಂದು ತೋಳು ಮಾತ್ರ ಹಿಡಿಸುತ್ತಿತ್ತು. ಹಾಗಿದ್ದ ಮೇಲೆ ಯಾರು ತಾನೇ ಸಪೂರದ್ದನ್ನು ತೋರಿಸಿಕೊಳ್ಳುತ್ತಾರೆ?

ಹೀಗೆ ಎರಡು ಮೂರು ವರ್ಷ ಕಳೆಯಿತು. ನನಗೆ ಮದುವೆಯಾಯಿತು. ಮಾವನವರದ್ದು ಬಜಗೋಳಿಯಲ್ಲಿ ದಿನಸಿ ಅಂಗಡಿ. ಒಳ್ಳೆಯವರು, ಆದರೆ ನಾನು ಹೋದಾಗಲೆಲ್ಲ ಚಾ ಕೊಡುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದರು.

"ಅಳಿಯಂದಿರೇ, ನಿಮ್ಮ ಕೆಲಸ ಪರ್ಮನೆಂಟ್ ಆಯ್ತಾ?"

ಅದೇ ಸಮಯಕ್ಕೆ ಭೋಜಣ್ಣನಿಗೆ ವೆಟ್ ಗ್ರೈಂಡರ್ ಏಜೆನ್ಸಿ ಬರುವುದಿತ್ತು. ಪೆಟ್ಟಿಗೆಗಳನ್ನು ಇಡಲು ಮಾಳಿಗೆ ಬೇಕು. ಒಂದು ಬೆಳಿಗ್ಗೆ ಮೇಲೆ ಬಂದು, ಜಿಮ್ಮಿನ ಉದ್ದಗಲ ಹೆಜ್ಜೆಯಲ್ಲೇ ಅಳೆದರು.

"ಸದಾನಂದ, ನಿನ್ನ ಮೇಲೆ ನನಗೆ ಕೋಪ ಇಲ್ಲ. ಆದ್ರೆ ಗ್ರೈಂಡರ್ ಅಂದ್ರೆ ಎಲ್ಲ ಮನೆಗೂ ಬೇಕು. ತೋಳು ಯಾರಿಗೆ ಬೇಕು ಹೇಳು?" ಎಂದರು. ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ಬರುವ ತಿಂಗಳು ಕಾರ್ಕಳದಲ್ಲಿ ದೇಹದಾರ್ಢ್ಯ ಸ್ಪರ್ಧೆ ಉಂಟಲ್ಲ, ಅದರಲ್ಲಿ ನಮ್ಮ ಹುಡುಗ ಒಂದು ಬಹುಮಾನ ತಂದ್ರೆ ಜಿಮ್ ಇಟ್ಟುಕೊಳ್ಳುವ. ಇಲ್ಲದಿದ್ರೆ ಗ್ರೈಂಡರ್."

ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಎಣಿಸಲು ಬರುತ್ತಿತ್ತು, ಅದೂ ಹನ್ನೆರಡರವರೆಗೆ.

ಇದ್ದವರಲ್ಲಿ ಕಾಪುವಿನ ಹರೀಶನೇ ಒಳ್ಳೆಯವನು. ಒಂದು ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದ, ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗ. ಬಹುಮಾನ ತೆಗೆದುಕೊಳ್ಳುವಾಗ ಹಾಕಿಕೊಳ್ಳಲೆಂದು ಮೈಗಂಟುವ ಅರ್ಧ ತೋಳಿನ ಅಂಗಿ ಹೊಲಿಸಲು ಕಾಪುವಿನ ಲಕ್ಷ್ಮಣ ಟೈಲರಲ್ಲಿಗೆ ಹೋದ. ಮರುದಿನ ಜೋಲು ಮುಖ ಹಾಕಿಕೊಂಡು ಬಂದ. ಟೈಲರು ಅಳತೆಯ ಚೀಟಿಯಲ್ಲಿ ತೋಳಿಗೆ ಎರಡು ಅಳತೆ ಬರೆದಿದ್ದರು.

ನಾನು ಜಗಳಕ್ಕೆಂದೇ ಕಾಪುವಿಗೆ ಹೋದೆ.

"ಮಾಸ್ಟ್ರೇ, ನಿಮ್ಮ ಜಿಮ್ಮಿನ ಹುಡುಗರು ಅಂದ್ರೆ ನನಗೆ ಬಾಗಿಲಲ್ಲೇ ಗೊತ್ತಾಗ್ತದೆ" ಎಂದರು ಲಕ್ಷ್ಮಣ ಟೈಲರು, ಹೊಲಿಗೆ ನಿಲ್ಲಿಸದೆ. "ಎಲ್ಲರಿಗೂ ಬಲದ ತೋಳಿಗೆ ಒಂದಿಂಚು ಹೆಚ್ಚು ಬಿಡ್ಲಿಕ್ಕುಂಟು."

"ಎಲ್ಲರಿಗೂ?"

"ಒಬ್ಬನೂ ಬಾಕಿ ಇಲ್ಲ."

"ಮತ್ತೆ ಇಷ್ಟು ದಿನ ನೀವು ಯಾಕೆ ಹೇಳ್ಲಿಲ್ಲ?"

ಅವರು ಮೊದಲ ಸಲ ಮಿಷನ್ ನಿಲ್ಲಿಸಿ ನನ್ನನ್ನು ನೋಡಿದರು. "ನೀವು ಬೇಕಂತಲೇ ಹಾಗೆ ಮಾಡುದು ಅಂತ ಗ್ರಹಿಸಿದೆ."

ಮರುದಿನ ಎಲ್ಲರನ್ನೂ ಅಂಗಿ ತೆಗೆಸಿ ಸಾಲಾಗಿ ನಿಲ್ಲಿಸಿದೆ. ದೇವರೇ! ಎಲ್ಲರೂ ಬಲಕ್ಕೆ ವಾಲಿದ ಹಾಗೆ ಕಾಣುತ್ತಿದ್ದರು. ಮೂರು ವರ್ಷ ದಿನಾ ನೋಡುತ್ತಿದ್ದರೂ ನನಗೆ ಕಂಡಿರಲಿಲ್ಲ. ಕೊನೆಗೆ ನನ್ನ ತೋಳನ್ನೇ ಅಳೆದುಕೊಂಡೆ. ಆ ಅಳತೆ ನಿಮಗೆ ಬೇಡ.

ಸ್ಪರ್ಧೆಗೆ ಒಂದು ತಿಂಗಳಿತ್ತು. ಹರೀಶನ ಬಲಗೈಗೆ ಬಟ್ಟೆ ಸುತ್ತಿ ಕುತ್ತಿಗೆಗೆ ಕಟ್ಟಿದೆ, ಮರೆತೂ ಬಳಸಬಾರದೆಂದು. ಊಟ ಒಂದು ಬಿಟ್ಟು ಬಾಕಿ ಎಲ್ಲ ಎಡಗೈಯಲ್ಲಿ ಎಂದು ಅಪ್ಪಣೆ ಕೊಡಿಸಿದೆ. ಎಡಗೈಯಲ್ಲಿ ಬಾವಿ ನೀರು ಸೇದು, ಎಡಗೈಯಲ್ಲಿ ಬಸ್ಸಿನ ಕಂಬಿ ಹಿಡಿ, ಎಡಗೈಯಲ್ಲಿ ಫೋನು ಎತ್ತು. ಹೀಗೆ ಒಂದು ಕೈ ಕಟ್ಟಿಹಾಕಿದರೆ ಇನ್ನೊಂದು ಬೆಳೆಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೇ ಕಂಡುಹಿಡಿದದ್ದು. ನೀವು ಯಾರಿಗೂ ಮಾಡಿಸಬೇಡಿ.

ಮೊದಲ ದಿನವೇ ಬಸ್ಸಿನಲ್ಲಿ ಗಲಾಟೆ. ಹರೀಶ ಕಂಡಕ್ಟರಿಗೆ ಎಡಗೈಯಲ್ಲಿ ಹಣ ಚಾಚಿದ.

"ಎಂತ ಮಾರಾಯ, ಎಡಗೈಯಲ್ಲಿ ಕೊಡುದಾ? ಬೆಳಿಗ್ಗೆ ಮೊದಲನೇ ಟ್ರಿಪ್ ಇದು!"

"ಬಲಗೈ ಕಟ್ಟಿದ್ದಾರೆ ಅಣ್ಣ."

"ಮುರಿದದ್ದಾ?"

"ಇಲ್ಲ, ದಪ್ಪ ಆದದ್ದು."

ಕಂಡಕ್ಟರು ಹಣ ತೆಗೆದುಕೊಳ್ಳಲೇ ಇಲ್ಲ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಹರೀಶನ ಎಡಗೈಯಿಂದ ನೋಟು ಕಿತ್ತು ತಮ್ಮ ಬಲಗೈಯಿಂದ ಕೊಟ್ಟರು. ಕೈ ಕಟ್ಟಿದ್ದಷ್ಟು ದಿನ ಅವನು ಯಾರಾದರೂ ಅಜ್ಜಿಯ ಪಕ್ಕವನ್ನೇ ಹುಡುಕಿ ಕೂರುತ್ತಿದ್ದ.

ಕೈ ಮುರಿದಿದೆಯೆಂದು ಊರಲ್ಲಿ ಸುದ್ದಿಯಾಯಿತು. ನೆಂಟರು ಕಿತ್ತಳೆ, ಬಿಸ್ಕಿಟ್ ಹಿಡಿದು ನೋಡಲು ಬಂದರು. ಅವನ ಅಮ್ಮನಿಗೆ ಮಗನ ಕೈ ಸರಿಯಾಗಿಯೇ ಇದೆ ಎಂದು ಗೊತ್ತಿತ್ತು, ಆದರೆ ಅವನು ಹೀಗೆ ಮಾಡುತ್ತಿರುವುದು ಯಾಕೆಂದು ಗೊತ್ತಿರಲಿಲ್ಲ. ತಲೆಗೇ ಏನೋ ಆಗಿದೆ ಎಂದುಕೊಂಡು ಎಲ್ಲೂರಿನ ಶಿವ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಭಟ್ಟರು ತೀರ್ಥ ಕೊಡಲು ಬಂದಾಗ ಅಭ್ಯಾಸಬಲದಿಂದ ಇವನು ಬಲಗೈಯ ಕಟ್ಟು ಬಿಚ್ಚದೆ ಎಡಗೈ ಚಾಚಿಬಿಟ್ಟ. ಭಟ್ಟರ ಕೈ ಅಲ್ಲೇ ನಿಂತಿತು. ಅಮ್ಮ ಬೆನ್ನಿಗೆ ಕೊಟ್ಟ ಏಟು ಹೊರಗಿನ ಕೆರೆಯವರೆಗೂ ಕೇಳಿತಂತೆ. ಸಂಜೆ ಅವರು ನನ್ನಲ್ಲಿಗೇ ಬಂದರು.

"ಮಾಸ್ಟ್ರೇ, ನನ್ನ ಮಗ ನಿಮ್ಮಲ್ಲಿಗೆ ಬರುವಾಗ ಸರಿ ಇದ್ದ" ಎಂದರು. ಅಷ್ಟೇ. ನನಗೆ ನಿಜಕ್ಕೂ ನಾಚಿಕೆಯಾಯಿತು. ನನ್ನ ಕೆಲಸ ಉಳಿಸಿಕೊಳ್ಳಲು ಅವರ ಮಗನನ್ನು ಹೀಗೆ ಊರ ಬಾಯಿಗೆ ಹಾಕಿದೆನಲ್ಲ ಎನಿಸಿತು. ಕೈಯ ಕಟ್ಟನ್ನು ಅಂದೇ ಬಿಚ್ಚಿಸಿದೆ.

ಹಾಗಾದರೆ ಮುಂದೇನು? ಉತ್ತರ ಸಿಕ್ಕಿದ್ದು ಕಿಟಕಿಯಲ್ಲಿ. ನಮ್ಮ ಪಕ್ಕದ ಕಟ್ಟಡಕ್ಕೆ ತಾರಸಿ ಹಾಕುತ್ತಿದ್ದರು. ಬಾಗಲಕೋಟೆ ಕಡೆಯ ಕೆಲಸದವರು ಸಾಲಾಗಿ ನಿಂತು ಕಾಂಕ್ರೀಟ್ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲೆತ್ತುತ್ತಿದ್ದರು. ಅವರಲ್ಲಿ ಯಮನಪ್ಪ ಎಂಬವನ ತೋಳು ನಮ್ಮ ಪೋಸ್ಟರಿನವನಿಗೆ ಸಾಲ ಕೊಡುವ ಹಾಗಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನನ್ನು ಮೇಲೆ ಕರೆದು ಟೇಪು ಹಿಡಿದೆ. ಬಲ, ಎಡ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಇದನ್ನ ಅಳ್ಯಾಕಂತ ಬ್ಯಾರೆ ನೌಕರಿ ಐತೇನ್ರಿ ಸರ?" ಎಂದು ಕೇಳಿದ.

"ಅದಿರಲಿ, ನಿನ್ನದು ಎರಡೂ ಹೇಗೆ ಸಮ ಉಂಟು ಮಾರಾಯ?"

"ಅಲ್ರೀ, ಇವತ್ತ ಎಡಗಡೆಯಿಂದ ಬುಟ್ಟಿ ಇಸ್ಕೊಂಡ್ರ ನಾಳಿ ಬಲಗಡೆ ನಿಂದರ್ತೀವಿ. ಒಂದ ಕಡೆ ನಿಂತ್ರ ನಡಾ ಹಿಡೀತದ. ನಿಮ್ಮಲ್ಲಿ ಪಾಳಿ ಬದ್ಲಿ ಮಾಡಂಗಿಲ್ಲೇನು?" ನಮ್ಮ ಹುಡುಗನೊಬ್ಬ ಡಂಬೆಲ್ ಹಿಡಿದು ತೋಳು ಮಡಚುವುದನ್ನು ಸ್ವಲ್ಪ ಹೊತ್ತು ನೋಡಿದ. "ಮತ್ತ ಬರೇ ಮ್ಯಾಲ ಎಳಕೊಂತೀರಿ. ದಬ್ಬೂದು ಎಲ್ಲಿ? ಬುಟ್ಟಿ ತಲಿ ಮ್ಯಾಲಿಂದ ದಬ್ಬಿದ್ರ ಹಿಂದಿನ ಖಂಡ ಬರ್ತದ." ತೋಳಿನ ಹಿಂಭಾಗವನ್ನು ತಟ್ಟಿ ತೋರಿಸಿದ. ಮಣಿಪಾಲದ ಹುಡುಗ ಬೆರಳಿಟ್ಟದ್ದೂ ಅಲ್ಲೇ.

ಪಾಳಿ ಬದಲಿ ಮಾಡುವುದು! ಇಷ್ಟು ಸಣ್ಣ ವಿಷಯ ನನಗೆ ಮೂರು ವರ್ಷದಲ್ಲಿ ಹೊಳೆದಿರಲಿಲ್ಲ. ಅಂದಿನಿಂದ ಒಂದು ದಿನ ಬಲ ಮೊದಲು, ಒಂದು ದಿನ ಎಡ ಮೊದಲು ಎಂದಾಯಿತು. ಬಲಗೈಯೂ ಎಡಗೈ ಎಷ್ಟು ಎತ್ತುತ್ತದೋ ಅಷ್ಟೇ ಎತ್ತಬೇಕು, ಒಂದೂ ಹೆಚ್ಚಿಲ್ಲ. ಎಳೆದಷ್ಟು ದಬ್ಬಬೇಕು. ಎರಡು ಬೆಂಚುಗಳ ನಡುವೆ ಕೈಯೂರಿ ಇಳಿದು ಏಳುವುದು, ಅಂಗೈಗಳನ್ನು ಹತ್ತಿರ ಇಟ್ಟು ದಂಡ ಹೊಡೆಯುವುದು, ಡಂಬೆಲನ್ನು ತಲೆಯ ಹಿಂದಿನಿಂದ ಮೇಲೆತ್ತುವುದು. ಎಡಗೈಯಿಂದ ಶುರು ಮಾಡುವ ದಿನ ಕೆಲವರು ಆಂಜನೇಯನ ಪಟಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು, ಆತನಿಗೆ ಬೇಸರವಾಗಬಾರದೆಂದು.

ಸ್ಪರ್ಧೆಯ ಭಾನುವಾರ ಬಂತು. ಹರೀಶನ ತೋಳುಗಳು ಸಂಪೂರ್ಣ ಸಮವಾಗಿರಲಿಲ್ಲ, ಆದರೆ ಲಕ್ಷ್ಮಣ ಟೈಲರು ಒಂದೇ ಅಳತೆ ಬರೆದು ಅಂಗಿ ಹೊಲಿದುಕೊಟ್ಟರು. ಕಾರ್ಕಳದ ಸಭಾಭವನದಲ್ಲಿ ಮುಂದಿನ ಸಾಲಿನಲ್ಲಿ ಭೋಜಣ್ಣ, ಅವರ ಪಕ್ಕದಲ್ಲಿ ಬಜಗೋಳಿಯಿಂದ ಬಂದ ನನ್ನ ಮಾವ. ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಗ್ರೈಂಡರಿನ ವಿಷಯವೇ ಇರಬೇಕು ಎಂದು ನಾನು ಆ ಕಡೆ ಹೋಗಲಿಲ್ಲ.

ಏಳು ಮಂದಿ ಸ್ಪರ್ಧಿಗಳು ವೇದಿಕೆಯಲ್ಲಿ ಸಾಲಾಗಿ ನಿಂತು ಎರಡೂ ತೋಳು ಎತ್ತಿ ಮಡಚಿದರು. ನಾನು ಕೆಳಗಿನಿಂದ ನೋಡಿದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಹರೀಶನನ್ನು ಬಿಟ್ಟು ಆರೂ ಮಂದಿಯ ಬಲತೋಳು ದಪ್ಪ, ಎಡತೋಳು ಸಪೂರ! ಬೇರೆ ಬೇರೆ ಊರಿನವರು, ಬೇರೆ ಬೇರೆ ಜಿಮ್ಮಿನವರು. ಎಲ್ಲ ಕಡೆಯೂ ಬಲಗೈಯಿಂದಲೇ ಶುಭಾರಂಭ ಆಗುತ್ತಿತ್ತು ಎಂದಾಯಿತು. ಗೆದ್ದೆವು ಎಂದುಕೊಂಡೆ. ಮಾವನ ಕಡೆ ತಿರುಗಿ ಒಂದು ನಗೆಯನ್ನೂ ನಕ್ಕೆ.

ಹರೀಶನಿಗೆ ಬಹುಮಾನ ಬರಲಿಲ್ಲ. ಸಮಾಧಾನಕರ ಕೂಡ ಇಲ್ಲ.

ಮುಖ್ಯ ತೀರ್ಪುಗಾರರು ಹಿರಿಯರು, ಒಂದು ಕಾಲದಲ್ಲಿ ದೊಡ್ಡ ಹೆಸರು ಮಾಡಿದವರು, ಸೆಕೆಯಲ್ಲೂ ಪೂರ್ತಿ ತೋಳಿನ ಅಂಗಿ ಹಾಕಿ ಗುಂಡಿ ಹಾಕಿಕೊಂಡವರು. ನಾನು ಅವರಲ್ಲಿಗೆ ಓಡಿದೆ.

"ಸರ್, ನಮ್ಮ ಹುಡುಗನಲ್ಲಿ ಎಂತ ಕೊರತೆ?"

"ಹುಡುಗ ಒಳ್ಳೆಯವ" ಎಂದರು ಅವರು ಸಮಾಧಾನದಿಂದ. "ಆದ್ರೆ ಎಡಗೈ ಸ್ವಲ್ಪ ಜಾಸ್ತಿ ಆಯ್ತು ಮಾಸ್ಟ್ರೇ. ಉಳಿದವರಿಗೆ ಹೋಲಿಸಿದ್ರೆ ವಿಚಿತ್ರ ಕಾಣ್ತದೆ. ಸ್ವಲ್ಪ ಇಳಿಸಿ."

ಹರೀಶ ನನ್ನ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಹೊಸ ಅಂಗಿಯ ಮೇಲೆ ಹಳೆಯ ಅಂಗಿಯನ್ನು ಹಾಕಿಕೊಂಡ. ಮಾವ ಬಂದು ನನ್ನ ಭುಜ ತಟ್ಟಿ, "ಇನ್ನು ಪರ್ಮನೆಂಟಾ ಅಂತ ನಾನು ಕೇಳುದಿಲ್ಲ ಆಯ್ತಾ" ಎಂದರು. ಕರುಣೆಯಿಂದ ಹೇಳಿದ ಆ ಮಾತಿನಷ್ಟು ನನಗೆ ಬೇರೆ ಯಾವುದೂ ನೋಯಿಸಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನಾನು, ಹರೀಶ, ಭೋಜಣ್ಣ ಒಂದೇ ಸೀಟಿನಲ್ಲಿ ಕೂತೆವು. ಮಣಿಪಾಲ ದಾಟಿ ಬಸ್ಸು ಇಳಿಜಾರಿಗೆ ಬಂದಾಗ ಭೋಜಣ್ಣ ಬಾಯಿ ಬಿಟ್ಟರು.

"ಸದಾನಂದ, ಆ ಏಳು ಮಂದಿಯಲ್ಲಿ ನೆಟ್ಟಗೆ ಇದ್ದವ ನಮ್ಮವ ಒಬ್ಬನೇ ಅಲ್ವಾ?"

"ನಿಮಗೂ ಕಂಡಿತಾ?"

"ನಾನು ದಿನಾ ಪೈಪು ಮಾರುವವ ಮಾರಾಯ. ಸೊಟ್ಟ ಇದ್ರೆ ನನಗೆ ಗೊತ್ತಾಗುದಿಲ್ವಾ?" ಎಂದರು. "ಅಂದ್ರೆ ಬಾಕಿ ಎಲ್ಲರಿಗೆ ರಿಪೇರಿ ಉಂಟು. ಊರಲ್ಲಿ ರಿಪೇರಿ ಮಾಡುವವ ನೀನು ಒಬ್ಬನೇ. ಒಂದು ತಿಂಗಳು ನೋಡುವ."

ಮರುವಾರ ಮೆಟ್ಟಿಲ ಬುಡದಲ್ಲಿ ಬೋರ್ಡ್ ಎದ್ದಿತು: "ಇಲ್ಲಿ ಎರಡೂ ತೋಳುಗಳನ್ನು ಸಮ ಮಾಡಿಕೊಡಲಾಗುವುದು." ಮೇಲೆ ಎಲ್ಲ ತೂಕದ ಡಂಬೆಲ್‌ಗಳಿಗೂ ಜೋಡಿ ಬಂತು. ಗೋಡೆಗೆ ಇಡೀ ಮನುಷ್ಯ ಹಿಡಿಸುವ ಕನ್ನಡಿ ಬಂತು. ಬೋರ್ಡ್ ಓದಿದವರು ರಸ್ತೆಯಲ್ಲೇ ನಿಂತು ತಮ್ಮ ತೋಳುಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮೊದಲು ಒಬ್ಬಿಬ್ಬರು ಬಂದರು, ಆಮೇಲೆ ಕಾರ್ಕಳದಲ್ಲಿ ಎರಡನೆಯ ಬಹುಮಾನ ಪಡೆದವನೂ ಟೊಪ್ಪಿ ಕೆಳಗೆಳೆದುಕೊಂಡು ಬಂದ. ಆದರೂ ತಿಂಗಳು ಮುಗಿಯುವ ದಿನ ಹತ್ತಿರವಾದಂತೆ ಭೋಜಣ್ಣ ಮೇಲೆ ಬಂದು ಹೆಜ್ಜೆಯಲ್ಲಿ ಅಳೆಯುವುದನ್ನು ನಿಲ್ಲಿಸಿರಲಿಲ್ಲ. ನಾನು ಎಣಿಸುತ್ತಲೇ ಅವರ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟಿರುತ್ತಿದ್ದೆ.

ಕೊನೆಯ ವಾರ, ಒಂದು ಬೆಳಿಗ್ಗೆ ಒಂಬತ್ತೂವರೆಗೆ, ಹುಡುಗರೆಲ್ಲ ಕೆಲಸಕ್ಕೆ ಹೋದ ಮೇಲೆ, ಮೆಟ್ಟಿಲಲ್ಲಿ ನಿಧಾನದ ಹೆಜ್ಜೆ ಕೇಳಿತು. ಹರೀಶನಿಗೆ ಅಂದು ಬೂತಿಗೆ ರಜೆ, ಅವನೊಬ್ಬನೇ ಬೆಂಚಿನ ಮೇಲಿದ್ದ. ಬಂದವರು ಕಾರ್ಕಳದ ಮುಖ್ಯ ತೀರ್ಪುಗಾರರು. ಅದೇ ಪೂರ್ತಿ ತೋಳಿನ ಅಂಗಿ. ಅವರ ಹಿಂದೆಯೇ ಭೋಜಣ್ಣ, ಬಾಯಿ ತೆರೆದುಕೊಂಡು.

"ಬೇರೆ ಯಾರೂ ಇಲ್ಲ ತಾನೆ?" ಎಂದು ಕೇಳಿ, ಇದ್ದ ನಮ್ಮ ಮೂವರನ್ನು ಲೆಕ್ಕಕ್ಕೆ ಹಿಡಿಯದೆ, ಅವರು ಒಂದೊಂದೇ ಗುಂಡಿ ಬಿಚ್ಚಿ ಅಂಗಿ ತೆಗೆದರು. ದೊಡ್ಡ ಕನ್ನಡಿಯ ಮುಂದೆ ನಿಂತು ಎರಡೂ ತೋಳು ಎತ್ತಿ ಮಡಚಿದರು. ಒಂದು ಕಡೆ ತೆಂಗಿನಕಾಯಿ, ಇನ್ನೊಂದು ಕಡೆ ನಿಂಬೆಹಣ್ಣು.

"ಇಷ್ಟು ವರ್ಷ ಮಾರ್ಕು ಹಾಕಿದೆ ಮಾಸ್ಟ್ರೇ" ಎಂದರು, ಕನ್ನಡಿಯನ್ನೇ ನೋಡುತ್ತ. "ನಿಮ್ಮ ಬೋರ್ಡ್ ಓದಿ ಮನೆಗೆ ಹೋಗಿ ನೋಡಿಕೊಂಡೆ. ಇದು ಸರಿ ಆಗ್ತದಾ?"

ಭೋಜಣ್ಣ ಮೆಟ್ಟಿಲಲ್ಲೇ ನಿಂತು ನನ್ನ ಕಡೆ ನೋಡಿದರು. "ಗ್ರೈಂಡರಿನವರಿಗೆ ಬೇರೆ ಜಾಗ ನೋಡ್ಲಿಕ್ಕೆ ಹೇಳ್ತೇನೆ" ಎಂದು ಮೆಲ್ಲಗೆ ಹೇಳಿ ಕೆಳಗಿಳಿದು ಹೋದರು. ತೀರ್ಪುಗಾರರನ್ನು ಮರೆತು ನಾನು ಆ ಹೆಜ್ಜೆಯ ಸದ್ದನ್ನೇ ಕೇಳುತ್ತ ನಿಂತೆ.

ಹರೀಶ ಎದ್ದು ಬಂದ. ಹಿರಿಯರ ಮುಂದೆ ಎಷ್ಟು ಬಗ್ಗಬೇಕೋ ಅಷ್ಟು ಬಗ್ಗಿ, ಎರಡು ಕಿಲೋದ ಡಂಬೆಲನ್ನು ಅವರ ಎಡಗೈಗೆ ಕೊಟ್ಟ.

"ಆಗ್ತದೆ ಸರ್. ಬಲಗೈ ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇ" ಎಂದ.

ಆ ದಿನ ನಾನು ಎಣಿಸಲಿಲ್ಲ, ಹರೀಶನೇ ಎಣಿಸಿದ. ಏಳಕ್ಕೆ ಅವರು ಕೆಳಗಿಡಲು ನೋಡಿದರು. ಇವನು ಬಿಡಲಿಲ್ಲ.